ಮಾನಸಗಂಗೋತ್ರಿಯಲ್ಲೊಂದು ಇತಿಹಾಸ ಸಂಚಾರ

ವಿಶ್ವವಿದ್ಯಾನಿಲಯದ ಇತಿಹಾಸವನ್ನು ದಾಖಲೆಗಳಲ್ಲಿ ಮಾತ್ರವೇ ಅರಸುವುದು ರೂಢಿ. ಆದರೆ ಅದರ ಆವರಣವೂ ಒಂದು ಆಕರವೇ ಸರಿ. ಮಾರ್ಗದರ್ಶಕರ ನೆರವಿಲ್ಲದೆ, ನಾಲ್ಕಾರು ವರ್ಷಗಳನ್ನು ನೆನಪಿನಲ್ಲಿರಿಸಿಕೊಂಡು ನಡೆಯುವ ವಿದ್ಯಾರ್ಥಿಯೂ ಅದನ್ನು ಓದಬಹುದು. ಮೈಸೂರಿನ ಮಾನಸಗಂಗೋತ್ರಿ ಇದಕ್ಕೆ ತಕ್ಕ ನಿದರ್ಶನ.

ಸಂಚಾರವನ್ನು ಕುಕ್ಕರಹಳ್ಳಿ ಕೆರೆಯ ಏರಿಯಿಂದ ಆರಂಭಿಸುವುದು ಉಚಿತ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಈ ಕೆರೆಯನ್ನು ಕಟ್ಟಿಸಿದುದು ಬೇಸಾಯಕ್ಕೆ ನೀರೊದಗಿಸಲೆಂದು. ಅಲ್ಲಿಂದ ಮುಂದೆ ಜಯಲಕ್ಷ್ಮೀವಿಲಾಸಕ್ಕೆ ಸಾಗಬೇಕು. ಇದು 1905ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ನಿರ್ಮಿತವಾದ ಸೌಧ. ಆಗ ಮೈಸೂರು ವಿಶ್ವವಿದ್ಯಾನಿಲಯವೇ ಇರಲಿಲ್ಲ. ಅದು ಸ್ಥಾಪಿತವಾದುದು 1916ರಲ್ಲಿ. ಕುಲಪತಿಗಳಾಗಿದ್ದ ಕುವೆಂಪು ಅವರು ಮಾನಸಗಂಗೋತ್ರಿಯೆಂದು ಹೆಸರಿಟ್ಟ ಸ್ನಾತಕೋತ್ತರ ಕೇಂದ್ರ ಇಲ್ಲಿ ನೆಲೆಗೊಂಡುದು 1960ರಲ್ಲಿ. 1968ರಲ್ಲಿ ಅದೇ ಸೌಧದಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪಿತವಾಗಿ, ರಾಜಕುಮಾರಿಯ ಮನೆಗೆ ಒಕ್ಕಲಿನ ಉಪಕರಣಗಳೂ ತೊಗಲುಗೊಂಬೆಗಳೂ ಬಂದುವು.

ಈ ಕ್ರಮದಿಂದ ಒಂದು ಸಂಗತಿ ವಿಶದವಾಗುತ್ತದೆ. ಕೆರೆಯನ್ನಾಗಲಿ ಸೌಧವನ್ನಾಗಲಿ ಕಟ್ಟಿದವರು ವಿದ್ಯಾಪೀಠವನ್ನು ಕಲ್ಪಿಸಿಕೊಂಡಿರಲಿಲ್ಲ. ಪೂರ್ವಿಕರು ಬೇರೆ ಉದ್ದೇಶಗಳಿಗಾಗಿ ನಿರ್ಮಿಸಿದುದನ್ನು ವಿದ್ಯೆ ತನ್ನದಾಗಿಸಿಕೊಂಡಿತು. ಕಟ್ಟಡವೊಂದರ ಮುಂದೆ ನಿಂತಾಗ ಯಾರು ಕಟ್ಟಿಸಿದರೆಂದು ಕೇಳಿದರೆ ಸಾಲದು, ಆಮೇಲೆ ಯಾರು ಯಾವುದಕ್ಕೆ ಬಳಸಿದರೆಂದೂ ಕೇಳಬೇಕು. ಮೊದಲನೆಯ ಪ್ರಶ್ನೆಗೆ ಶಂಕುಸ್ಥಾಪನೆಯ ಕಲ್ಲು ಉತ್ತರ ಕೊಟ್ಟೀತು. ಎರಡನೆಯದಕ್ಕೆ ಉತ್ತರವಿರುವುದು ಅಲ್ಲಿ ಓದಿದವರ, ದುಡಿದವರ ನೆನಪಿನಲ್ಲಿ. ಕಲ್ಲು ಉಳಿದೀತು, ನೆನಪು ಅವರೊಡನೆಯೇ ಅಳಿಯುತ್ತದೆ. ಅದನ್ನು ಕೇಳಿ ಬರೆದಿಡುವುದೇ ಈ ನಡಿಗೆಯ ನಿಜವಾದ ಪ್ರಯೋಜನ.