ಮೆದುಳು ಹಾಕುವ ತಾಳ (ಭಾಗ 6)

1924ರಲ್ಲಿ ಜರ್ಮನಿಯ ಯೆನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಸಲ ದಾಖಲಿಸಿದರು. 1929ರಲ್ಲಿ ಪ್ರಕಟಿಸಿದಾಗ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್, ಮ್ಯಾಥ್ಯೂಸ್ ಅದನ್ನೇ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು.

1981ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲಂಬೋಸ್ ತಂಡ ಸೆಕೆಂಡಿಗೆ ಸುಮಾರು 40 ಸಲ ಸದ್ದು ಕೇಳಿಸಿತು. ಮೆದುಳಿನ ಅಲೆಯೂ ಅದೇ ಲಯ ಹಿಡಿಯಿತು! ಒಂದೇ ನರಕೋಶದ ಮಿಡಿತ ತಲೆಯ ಹೊರಗೆ ಸಿಗುವುದಿಲ್ಲ. ಶಬ್ದ ಗ್ರಹಿಸುವ ಭಾಗದ ಅಸಂಖ್ಯ ನರಕೋಶಗಳು, ಭಜನೆಯಲ್ಲಿ ಚಪ್ಪಾಳೆ ತಟ್ಟಿದ ಹಾಗೆ, ಒಟ್ಟಿಗೆ ಮಿಡಿದರೆ ಮಾತ್ರ ಯಂತ್ರಕ್ಕೆ ಸಿಗುತ್ತದೆ.

ಮುಂದೆ ಇನ್ನೂ ವೇಗದ ಸದ್ದು ಬಳಸಿ, ನಿದ್ದೆಯಲ್ಲಿರುವ ಕೂಸಿನ ಶ್ರವಣ ಪರೀಕ್ಷೆಯೂ ಸಾಧ್ಯವಾಯಿತು. ಮಗು ಸದ್ದಿಗೆ ತಿರುಗದಿದ್ದರೆ "ಆಮೇಲೆ ಸರಿಹೋಗುತ್ತೆ ಬಿಡಿ" ಅನ್ನಬೇಡಿ. ಬೇಗ ಪರೀಕ್ಷೆ ಮಾಡಿಸಿ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ.