ಹೈದರಾಬಾದಿನ ಕಲಾಶಾಲೆಯ ಪ್ರದರ್ಶನಗಳೂ ನಮ್ಮ ಗಡಿ ತಾಲ್ಲೂಕುಗಳೂ

ಕಲಾಶಾಲೆಯೊಂದರ ಚಿತ್ರಶಾಲೆಯ ಚರಿತ್ರೆಯೆಂದರೆ ಗೋಡೆಗೆ ತೂಗುಹಾಕಿದ ಪಟಗಳ ಪಟ್ಟಿಯಷ್ಟೇ ಅಲ್ಲ. ಯಾವ ಊರಿನ ಹುಡುಗನಿಗೆ ಯಾವ ಬಾಗಿಲು ತೆರೆದಿತ್ತು ಎಂಬುದಕ್ಕೂ ಅದು ಸಾಕ್ಷಿ. ಹೈದರಾಬಾದಿನ ಕಲಾಶಾಲೆಯ ಪ್ರದರ್ಶನ ಪರಂಪರೆಯನ್ನು ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಲ್ಲಿ ನಿಂತು ಪರಿಶೀಲಿಸುವುದು ಈ ಕಾರಣದಿಂದ ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಪ್ರಾಂತಕ್ಕೆ ಚಿತ್ರಕಲೆ ಹೊಸದಲ್ಲ. ಬೀದರಿನ ಬಳಿಯ ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಸಮಾಧಿಯ ಒಳಗೋಡೆಗಳು 15ನೆಯ ಶತಮಾನದ ವರ್ಣವಿನ್ಯಾಸವನ್ನು ಇಂದಿಗೂ ಉಳಿಸಿಕೊಂಡಿವೆ. ಅಜಂತೆಯೂ ಅಂದು ನಿಜಾಮ ಸಂಸ್ಥಾನದಲ್ಲಿಯೇ ಇದ್ದಿತು. 1909ರಿಂದ 1911ರ ಅವಧಿಯಲ್ಲಿ ಲೇಡಿ ಹೆರಿಂಗ್‌ಹ್ಯಾಮ್ ಅಲ್ಲಿ ಪ್ರತಿಕೃತಿಗಳನ್ನು ಮಾಡಿಸಿದಾಗ ನಂದಲಾಲ್ ಬೋಸರೊಂದಿಗೆ, ಮೈಸೂರು ಸೀಮೆಯ ಕೆ. ವೆಂಕಟಪ್ಪನವರೊಂದಿಗೆ ಹೈದರಾಬಾದಿನ ಸೈಯದ್ ಅಹಮದರೂ ದುಡಿದರು. ಆದರೂ ಸಂಸ್ಥಾನದಲ್ಲಿ ವಿಧಿವತ್ತಾದ ಚಿತ್ರಕಲಾ ಶಿಕ್ಷಣಕ್ಕೆ ಬಹುಕಾಲ ಆಶ್ರಯವಿರಲಿಲ್ಲ. 1916ರಲ್ಲಿ ಕಲಬುರ್ಗಿಯಲ್ಲಿ ಜನಿಸಿದ ಎಸ್. ಎಂ. ಪಂಡಿತರು ಮದರಾಸಿಗೂ ಅನಂತರ ಮುಂಬಯಿಗೂ ಹೋಗಬೇಕಾಯಿತು. ಕರೀಂನಗರ ಸೀಮೆಯ ಪಿ. ಟಿ. ರೆಡ್ಡಿಯವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

1940ರಲ್ಲಿ ಹೈದರಾಬಾದಿನಲ್ಲಿ ಸರ್ಕಾರಿ ಕಲಾಶಾಲೆ ಆರಂಭವಾದುದೇ ಈ ಕೊರತೆಗೆ ಉತ್ತರ. ಮರುವರ್ಷವೇ ಹೈದರಾಬಾದ್ ಆರ್ಟ್ ಸೊಸೈಟಿ ಸ್ಥಾಪಿತವಾಯಿತು. ಅದರ ವಾರ್ಷಿಕ ಪ್ರದರ್ಶನಗಳಿಂದ ಕಲಿತವರಿಗೆ ನೋಡುಗರೂ ದೊರೆತರು. ಮೆದಕ್ ಜಿಲ್ಲೆಯ ನಿಜಾಂಪುರದ ಲಕ್ಷ್ಮಾ ಗೌಡರು 1963ರಲ್ಲಿ ಈ ಶಾಲೆಯಲ್ಲಿ ಡಿಪ್ಲೊಮಾ ಮುಗಿಸಿ ಬರೋಡಕ್ಕೆ ತೆರಳಿದರು; ಹಳ್ಳಿಯ ಗಂಡು ಹೆಣ್ಣು, ಆಡು, ಗಿಡಗಂಟಿಗಳನ್ನೇ ಮುದ್ರಣಚಿತ್ರಗಳಲ್ಲಿ ಮೂಡಿಸಿದರು. ಶಾಲೆ ಕಾಲೇಜಾಗಿ, 1972ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಅಂಗವಾಗಿ, 2008ರಲ್ಲಿ ಜವಾಹರಲಾಲ್ ನೆಹರು ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯವೆಂಬ ಹೆಸರಿನಡಿ ಬಂದಿತು. ಮಾಸಬ್ ಟ್ಯಾಂಕಿನ ಅದರ ಆವರಣದಲ್ಲಿ ನೆಹರು ಕಲಾ ಗ್ಯಾಲರಿಯಿದೆ.

ಈ ನಡುವೆ 1956 ಬಂದಿತು. ಬೀದರ ಜಿಲ್ಲೆಯ ಜಹೀರಾಬಾದಿನ ಬಹುಭಾಗವೂ ನಾರಾಯಣಖೇಡವೂ ಮೆದಕಿಗೆ ಸೇರಿದವು. ಕಲಬುರ್ಗಿ ಜಿಲ್ಲೆಯ ತಾಂಡೂರು ಹೈದರಾಬಾದು ಜಿಲ್ಲೆಗೆ ಸಂದಿತು. ಗಡಿರೇಖೆ ಕಂದಾಯದ ಕಡತವನ್ನು ಮಾತ್ರವಲ್ಲ, ಕಲೆಯ ಚರಿತ್ರೆಯನ್ನೂ ಸೀಳಿತು. ಬೀದರಿನ ವಿದ್ಯಾರ್ಥಿ ಕಲಬುರ್ಗಿಯತ್ತ ಮುಖಮಾಡಿದನು, ಅಲ್ಲಿ ವಿ. ಜಿ. ಅಂದಾನಿಯವರ ಐಡಿಯಲ್ ಫೈನ್ ಆರ್ಟ್ ಸಂಸ್ಥೆಯಂಥವು ಬೆಳೆದವು. ಬೀದರಿಗೆ ಸುಮಾರು 30 ಕಿಲೋಮೀಟರು ದೂರದ ಜಹೀರಾಬಾದಿನವನು 100 ಕಿಲೋಮೀಟರು ದೂರದ ಹೈದರಾಬಾದಿನತ್ತ ಹೊರಟನು. ತಾಂಡೂರಿನ ನಿಲ್ದಾಣದಿಂದ ಒಂದು ದಿಕ್ಕಿನ ರೈಲು ವಾಡಿಗೆ, ಇನ್ನೊಂದು ದಿಕ್ಕಿನದು ಹೈದರಾಬಾದಿಗೆ. ಪಂಡಿತರನ್ನು ಕರ್ನಾಟಕದ ಕಲಾಚರಿತ್ರೆ ಹೇಳುತ್ತದೆ, ಲಕ್ಷ್ಮಾ ಗೌಡರನ್ನು ತೆಲಂಗಾಣದ್ದು. ಇಬ್ಬರೂ ಒಂದೇ ಸಂಸ್ಥಾನದ ನೆರೆಹೊರೆಯ ಜಿಲ್ಲೆಗಳವರು ಎಂಬ ಮಾತು ಎರಡರ ನಡುವೆ ಜಾರಿಹೋಗುತ್ತದೆ.

ಪ್ರದರ್ಶನದ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಲಾವಿದನ ಹೆಸರು, ಚಿತ್ರದ ಹೆಸರು, ಬೆಲೆ ಇರುತ್ತವೆ. ತಾಲ್ಲೂಕೂ ಮನೆಮಾತೂ ಇರುವುದಿಲ್ಲ. ಆದುದರಿಂದ ಕನ್ನಡ ಮನೆಮಾತಿನ ಗಡಿನಾಡ ವಿದ್ಯಾರ್ಥಿಯ ಕೆಲಸ ಅಲ್ಲಿ ತೂಗಿದ್ದರೂ ಗುರುತು ಸಿಗದು. ಆ ಗುರುತು ಉಳಿದಿರಬಹುದಾದುದು ನಮ್ಮ ಶಾಲೆಗಳ ಚಿತ್ರಕಲಾ ಶಿಕ್ಷಕರ ನೆನಪಿನಲ್ಲಿ, ಅವರ ಪೆಟ್ಟಿಗೆಯ ಹಳೆಯ ಆಮಂತ್ರಣಪತ್ರ ಪ್ರಶಸ್ತಿಪತ್ರಗಳಲ್ಲಿ.

ಕಲಿಸಿದವರೂ ಕಲಿತವರೂ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಪ್ರತಿಯೊಂದು ಶಾಲೆಯಲ್ಲಿ ಒಬ್ಬ ಅಧ್ಯಾಪಕರು ಹುಟ್ಟೂರು, ಮನೆಮಾತು, ಕಲಿತ ಶಾಲೆ, ಪ್ರದರ್ಶನದ ವರ್ಷ ಎಂಬ ನಾಲ್ಕು ಅಂಶಗಳನ್ನು ಒಂದು ವಹಿಯಲ್ಲಿ ಬರೆದಿಡಲಿ. ಸೀಳಿದ ಚರಿತ್ರೆಯನ್ನು ಹೊಲಿಯುವ ದಾರ ಗಡಿಯವರಾದ ನಮ್ಮ ಕೈಯಲ್ಲಿಯೇ ಇದೆ.