ಲಾರಿಯ ವೇಗವೂ ಇತಿಹಾಸಕಾರನ ಲೆಕ್ಕವೂ: 1944ರ ‘ರೆಡ್ ಬಾಲ್’ ಸಾಗಣೆಯ ಒಂದು ಪರಿಶೀಲನೆ

ಎರಡನೆಯ ಮಹಾಯುದ್ಧದಲ್ಲಿ ನಡೆದ ಫ್ರಾನ್ಸಿನ ಬಿಡುಗಡೆಯನ್ನು ಕುರಿತ ಗ್ರಂಥಗಳಲ್ಲಿ ಸೇನಾಪತಿಗಳ ಹೆಸರುಗಳು ಹೆಜ್ಜೆ ಹೆಜ್ಜೆಗೂ ದೊರೆಯುತ್ತವೆ. ಆ ಸೇನೆಗಳಿಗೆ ಪೆಟ್ರೋಲು, ಮದ್ದುಗುಂಡು, ಆಹಾರ ಪದಾರ್ಥಗಳನ್ನು ಹೊತ್ತೊಯ್ದ ಲಾರಿಗಳ ಪ್ರಸ್ತಾಪ ಬಂದಾಗ ಮಾತ್ರ ಗ್ರಂಥಕರ್ತರು ಒಂದೆರಡು ಪುಟಗಳಲ್ಲಿ ಮುಗಿಸಿ ಮುಂದೆ ಸಾಗುವುದು ವಾಡಿಕೆ. ಆ ಒಂದೆರಡು ಪುಟಗಳಲ್ಲಿಯೂ ಒಂದು ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಚಾಲಕರು ಗಂಟೆಗೆ 60 ಮೈಲಿ, ಕೆಲವರ ನೆನಪಿನಂತೆ ಅದಕ್ಕೂ ಮಿಗಿಲಾದ ವೇಗದಲ್ಲಿ ಲಾರಿಗಳನ್ನು ಓಡಿಸಿದರು, ಲಾರಿಗಳು ಕೆಟ್ಟು ನಿಲ್ಲುವುದಕ್ಕೆ ಇದೇ ಮುಖ್ಯ ಕಾರಣವಾಯಿತು ಎಂಬುದೇ ಆ ಮಾತು. ಇದು ಎಷ್ಟರಮಟ್ಟಿಗೆ ನಿಜ? ಈ ಪ್ರಶ್ನೆಗೆ ಉತ್ತರವನ್ನು ದಾಖಲೆಪತ್ರಗಳಲ್ಲಿ ಹುಡುಕುವಂತೆಯೇ ಲಾರಿಯ ಹಲ್ಲುಗಾಲಿಗಳಲ್ಲಿಯೂ ಹುಡುಕಬಹುದೆಂದು ತೋರಿಸುವುದು ನಮ್ಮ ಉದ್ದೇಶ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಇಳಿದ ಮಿತ್ರಸೇನೆಗಳು ಆಗಸ್ಟ್ ತಿಂಗಳಲ್ಲಿ ಎಲ್ಲ ಅಂದಾಜುಗಳನ್ನೂ ಮೀರಿ ಮುನ್ನುಗ್ಗಿದವು. ಫ್ರಾನ್ಸಿನ ರೈಲುಮಾರ್ಗಗಳನ್ನು ಮಿತ್ರರಾಷ್ಟ್ರಗಳ ವಿಮಾನಗಳೇ ಮುಂಚಿತವಾಗಿ ಧ್ವಂಸ ಮಾಡಿದ್ದವು. ಆಂಟ್‌ವರ್ಪ್ ಬಂದರಿಗೆ ಹಡಗುಗಳು ಬರತೊಡಗಿದ್ದು ನವೆಂಬರ್ ಕೊನೆಯಲ್ಲಿ. ಹೀಗಿರಲು ಸೇನೆಗೆ ಉಳಿದದ್ದು ರಸ್ತೆಯೊಂದೇ. ಆಗಸ್ಟ್ 25ರಂದು ಆರಂಭವಾಗಿ ನವೆಂಬರ್ 16ರವರೆಗೆ ನಡೆದ ಈ ಸಾಗಣೆಗೆ, ಅಮೆರಿಕದ ರೈಲ್ವೆಯಲ್ಲಿ ತ್ವರಿತ ಸರಕಿಗೆ ಇದ್ದ ‘ರೆಡ್ ಬಾಲ್’ ಎಂಬ ಹೆಸರನ್ನೇ ಇಟ್ಟರು. ಆಗಸ್ಟ್ 29ರಂದು 5,958 ವಾಹನಗಳು 12,342 ಟನ್ನು ಸರಕನ್ನು ಸಾಗಿಸಿದವು. ಒಟ್ಟು ಸಾಗಿದ ಸರಕು 4,12,193 ಟನ್ನು. ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆಫ್ರಿಕನ್-ಅಮೆರಿಕನ್ ಸೈನಿಕರು. ಆಗಿನ ಅಮೆರಿಕದ ಸೇನೆಯಲ್ಲಿ ವರ್ಣಭೇದವು ಕಟ್ಟಳೆಯಾಗಿದ್ದಿತು; ಇವರಲ್ಲಿ ಹೆಚ್ಚಿನವರನ್ನು ಕಾದಾಟದ ದಳಗಳಿಗೆ ಸೇರಿಸದೆ ಸಾಗಣೆ, ಹೇರಿಳಿಕೆಗಳ ಕೆಲಸಕ್ಕೆ ಹಾಕಿದ್ದರು. ಆದಕಾರಣ ‘ಚಾಲಕರು ಮಿತಿಮೀರಿ ಓಡಿಸಿ ಲಾರಿಗಳನ್ನು ಕೆಡಿಸಿದರು’ ಎಂಬ ಮಾತು ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಈ ಸಾಗಣೆಯ ಬೆನ್ನೆಲುಬು ಜಿ.ಎಂ.ಸಿ. ಕಂಪೆನಿಯ ಎರಡೂವರೆ ಟನ್ನಿನ, ಆರೂ ಗಾಲಿಗಳಿಗೆ ಚಾಲನೆಯುಳ್ಳ ಸಿ.ಸಿ.ಕೆ.ಡಬ್ಲ್ಯೂ. ಎಂಬ ಲಾರಿ. 1941 ಮತ್ತು 1945ರ ನಡುವೆ ಇಂಥವು ಐದು ಲಕ್ಷಕ್ಕೂ ಮಿಕ್ಕು ತಯಾರಾದವು. ಇದರ ಅಂಕಿಗಳನ್ನು ಸೇನೆಯ ತಾಂತ್ರಿಕ ಕೈಪಿಡಿಗಳು ತಪ್ಪಿಲ್ಲದೆ ಕೊಡುತ್ತವೆ. 270 ಘನ ಅಂಗುಲದ ಆರು ಸಿಲಿಂಡರಿನ ಎಂಜಿನ್ನು; ಅದು ನಿಮಿಷಕ್ಕೆ 2,750 ಸುತ್ತನ್ನು ಮೀರದಂತೆ ತಡೆಯುವ ಗವರ್ನರ್; ಐದು ಗೇರುಗಳ ಪೆಟ್ಟಿಗೆ; ಅದರ ಹಿಂದೆ ಶಕ್ತಿಯನ್ನು ಮುಂದಿನ ಹಾಗೂ ಹಿಂದಿನ ಗಾಲಿಗಳಿಗೆ ಹಂಚುವ, ಎರಡು ಮಟ್ಟಗಳುಳ್ಳ ಮತ್ತೊಂದು ಪೆಟ್ಟಿಗೆ; ಕೊನೆಗೆ ಆಕ್ಸಲ್, ಎಂದರೆ ನಮ್ಮ ಗಾಡಿಗಳ ಭಾಷೆಯಲ್ಲಿ ಇರುಸು. ಗೇರುಗಳ ಪ್ರಮಾಣ ಒಂದನೆಯದರಿಂದ ಕ್ರಮವಾಗಿ 6.06, 3.50, 1.80, 1.00, 0.799. ಹಂಚುಪೆಟ್ಟಿಗೆಯ ಮೇಲಿನ ಮಟ್ಟ 1.16, ಕೆಳಗಿನದು 2.63. ಇರುಸಿನ ಪ್ರಮಾಣ 6.6; ಎಂದರೆ ಪ್ರೊಪೆಲ್ಲರ್ ಶಾಫ್ಟು 6.6 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ.

ಇವಿಷ್ಟರಿಂದ ವೇಗವನ್ನು ಕಂಡುಹಿಡಿಯಲು ಬೇಕಾದ ಗಣಿತ ಪ್ರೌಢಶಾಲೆಯದು. ಇತಿಹಾಸದ ಅಧ್ಯಾಪಕರಾದ ನಾವು ಗಣಿತವೆಂದೊಡನೆ ಹಿಂದೆಗೆಯುವ ಅಭ್ಯಾಸವನ್ನು ಇಲ್ಲಿ ಬಿಡಬಹುದು. ಎಂಜಿನ್ನಿನ ಸುತ್ತುಗಳನ್ನು ಮೂರು ಪ್ರಮಾಣಗಳ ಗುಣಲಬ್ಧದಿಂದ ಭಾಗಿಸಿದರೆ ಗಾಲಿಯ ಸುತ್ತು ದೊರೆಯುತ್ತದೆ. ಅದನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ನಿಮಿಷಕ್ಕೆ ಕ್ರಮಿಸುವ ದೂರ. ಮೈಲಿಗೆ 63,360 ಅಂಗುಲ, ಗಂಟೆಗೆ 60 ನಿಮಿಷ, ಸುತ್ತಳತೆಗೆ 3.1416 — ಈ ಮೂರನ್ನು ಸೇರಿಸಿ ಸರಳಗೊಳಿಸಿದರೆ 336 ಎಂಬ ಒಂದೇ ಸಂಖ್ಯೆ ಉಳಿಯುತ್ತದೆ. ಆದ್ದರಿಂದ ಎಂಜಿನ್ನಿನ ಸುತ್ತನ್ನು ಗಾಲಿಯ ವ್ಯಾಸದಿಂದ ಗುಣಿಸಿ, ಬಂದುದನ್ನು 336 ಮತ್ತು ಒಟ್ಟು ಪ್ರಮಾಣಗಳ ಗುಣಲಬ್ಧದಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ ಎಂದು ತಿಳಿಯುತ್ತದೆ. ವ್ಯಾಸದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಭಾರ ಬಿದ್ದಾಗ ಟೈರು ಕೆಳಗೆ ಚಪ್ಪಟೆಯಾಗುವುದರಿಂದ ಗಾಲಿಯ ನಡುವಿನಿಂದ ನೆಲಕ್ಕಿರುವ ಎತ್ತರವನ್ನು ಅಳೆದು ಅದರ ಇಮ್ಮಡಿಯನ್ನು ಹಿಡಿಯಬೇಕು. ಈ ಲಾರಿಯ 7.50-20 ಅಳತೆಯ ಟೈರಿಗೆ ಅದು ಸುಮಾರು 35 ಅಂಗುಲ.

ಐದನೆಯ ಗೇರಿನಲ್ಲಿ ಒಟ್ಟು ಪ್ರಮಾಣ 0.799, 1.16, 6.6 ಇವುಗಳ ಗುಣಲಬ್ಧ, ಎಂದರೆ 6.12. ಎಂಜಿನ್ನು 2,750 ಸುತ್ತು ತಿರುಗಿದಾಗ ವೇಗ ಗಂಟೆಗೆ 46.8 ಮೈಲಿ. ಈ ಲಾರಿಗೆ ಗೊತ್ತುಮಾಡಿದ್ದ ಗರಿಷ್ಠ ವೇಗ 45 ಮೈಲಿ. ಇಷ್ಟು ಹತ್ತಿರದ ಹೊಂದಿಕೆ ನಮ್ಮ ಲೆಕ್ಕದ ಮೇಲೆ ನಂಬಿಕೆಯನ್ನು ಹುಟ್ಟಿಸುತ್ತದೆ. ನಾಲ್ಕನೆಯ ಗೇರಿನಲ್ಲಿ ಇದು 37.4 ಮೈಲಿಗೂ ಮೂರನೆಯದರಲ್ಲಿ 20.8 ಮೈಲಿಗೂ ಇಳಿಯುತ್ತದೆ. ಒಂದನೆಯ ಗೇರನ್ನೂ ಹಂಚುಪೆಟ್ಟಿಗೆಯ ಕೆಳಮಟ್ಟವನ್ನೂ ಕೂಡಿಸಿದರೆ ಒಟ್ಟು ಪ್ರಮಾಣ 105ಕ್ಕೆ ಏರುತ್ತದೆ. ಎಂಜಿನ್ನು ಗರಿಷ್ಠ ವೇಗದಲ್ಲಿ ಮೊರೆಯುತ್ತಿದ್ದರೂ ಲಾರಿ ಗಂಟೆಗೆ 2.7 ಮೈಲಿ, ಎಂದರೆ ಆಳಿನ ನಡಿಗೆಗಿಂತ ನಿಧಾನವಾಗಿ ಹೋಗುತ್ತದೆ. ಈ ಕೆಳಮಟ್ಟ ಫ್ರಾನ್ಸಿನ ಡಾಂಬರು ರಸ್ತೆಗೆ ಬೇಕಾದುದಲ್ಲ. ಅದರ ಬೆಲೆ ತಿಳಿಯಬೇಕಾದರೆ ನಮ್ಮ ದೇಶದ ಅಸ್ಸಾಮಿಗೇ ಬರಬೇಕು. ಅಲ್ಲಿನ ಲೇಡೋದಿಂದ ಪಂಗ್‌ಸೌ ಕಣಿವೆಯನ್ನೇರಿ ಬರ್ಮಾದ ಮೂಲಕ ಚೀನಾಕ್ಕೆ ಹೋಗುವ ರಸ್ತೆಯಲ್ಲಿ 1945ರ ಜನವರಿ 12ರಂದು ಹೊರಟ ಮೊದಲ ವಾಹನಸಾಲು ಕುನ್‌ಮಿಂಗ್ ನಗರವನ್ನು ಸೇರಿದ್ದು ಫೆಬ್ರವರಿ 4ರಂದು. ಕೆಸರಿನ ಏರುದಾರಿಯಲ್ಲಿ ಇಂಥ ಲಾರಿಗೆ ಬೇಕಾದದ್ದು ವೇಗವಲ್ಲ, ಹಲ್ಲುಗಾಲಿಯ ಹಿಡಿತ.

ಈಗ 60 ಮೈಲಿಯ ಮಾತನ್ನು ಎತ್ತಿಕೊಳ್ಳೋಣ. ಆ ವೇಗಕ್ಕೆ ಐದನೆಯ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ ಸುಮಾರು 3,525 ಸುತ್ತು ತಿರುಗಬೇಕು. ಗವರ್ನರ್ ಇರುವಾಗ ಎಂಜಿನ್ನಿನ ಬಲದಿಂದ ಇದು ಆಗದು. ಚಾಲಕರಲ್ಲಿ ಹಲವರು ಗವರ್ನರನ್ನು ಕಿತ್ತೆಸೆದಿದ್ದರೆಂಬುದು ಅವರೇ ನೆನಪಿಸಿಕೊಂಡಿರುವ ಸಂಗತಿ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಿತ್ತ ಮಾತ್ರಕ್ಕೆ ಶಕ್ತಿ ಹೆಚ್ಚುತ್ತದೆಯೆ? ಲಾರಿಯ ಸ್ವಂತ ತೂಕ ಸುಮಾರು 10,000 ಪೌಂಡು, ಹೊರೆ ಮತ್ತೆ 10,000 ಪೌಂಡು ಎಂದಿಟ್ಟುಕೊಂಡರೆ, ಸಾವಿರ ಪೌಂಡಿಗೆ 15 ಪೌಂಡಿನಂತೆ ಟೈರುಗಳ ಉರುಳುವಿಕೆಗೇ 300 ಪೌಂಡಿನ ಎಳೆತ ಬೇಕು. ಎಳೆತವನ್ನು ವೇಗದಿಂದ ಗುಣಿಸಿ 375ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. 60 ಮೈಲಿಗೆ ಇದು 48. ಎಂಜಿನ್ನಿನ ಉಪಯುಕ್ತ ಶಕ್ತಿ ಸುಮಾರು 91 ಅಶ್ವಶಕ್ತಿ. ಉಳಿದ 43ರಲ್ಲಿ ಹಲ್ಲುಗಾಲಿಗಳ ತಿಕ್ಕಾಟವನ್ನೂ, ಗೋಡೆಯಂತೆ ನೆಟ್ಟಗಿರುವ ಮೂತಿ ಮತ್ತು ಕ್ಯಾನ್‌ವಾಸು ಹೊದಿಕೆಗೆ ಅಡ್ಡಬರುವ ಗಾಳಿಯನ್ನೂ ಗೆಲ್ಲಬೇಕು. ಗಾಳಿಯ ತಡೆಯೊಂದೇ ಆ ವೇಗದಲ್ಲಿ ಇದಕ್ಕಿಂತ ಹೆಚ್ಚನ್ನು ಕೇಳುತ್ತದೆ. ಆದ್ದರಿಂದ ತುಂಬಿದ ಲಾರಿ ಸಮನೆಲದಲ್ಲಿ 60 ಮೈಲಿಯನ್ನು ಹಿಡಿದುಕೊಂಡು ಓಡಿತೆಂಬುದನ್ನು ನಾವು ಒಪ್ಪಲಾರೆವು. ಇಳಿಜಾರಿನ ಮಾತು ಬೇರೆ. ಅಲ್ಲಿ ಗಾಲಿಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಗವರ್ನರ್ ಇದ್ದರೂ ತಡೆಯಲಾರದು. ನೆನಪುಗಳಲ್ಲಿ ಬರುವ ಭಯಂಕರ ವೇಗಗಳೆಲ್ಲ ಇಂಥ ಇಳಿಜಾರುಗಳವೆಂದು ನಮ್ಮ ಊಹೆ.

ನಿಯಮವು ವಿಧಿಸಿದ್ದ ವೇಗ ಗಂಟೆಗೆ 25 ಮೈಲಿ. ಲಾರಿ ಲಾರಿಗೂ ನಡುವೆ 60 ಗಜದ ಅಂತರ. ಐದನೆಯ ಗೇರಿನಲ್ಲಿ 25 ಮೈಲಿಗೆ ಎಂಜಿನ್ನು ಸುಮಾರು 1,470 ಸುತ್ತು ತಿರುಗುತ್ತದೆ. ಈ ಎಂಜಿನ್ನು ಅತ್ಯಧಿಕ ತಿರುಚುಬಲವನ್ನು ಕೊಡುವುದು ಸುಮಾರು 1,400 ಸುತ್ತಿನಲ್ಲಿಯೇ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಹೊಂದಿಕೆ ಬೇಕಿಲ್ಲ. ಆದರೆ ಅಲ್ಲಿ ದೊರೆಯುವ ಶಕ್ತಿ 60 ಅಶ್ವಶಕ್ತಿ ಮಾತ್ರ. ನೂರು ಅಡಿಗೆ ಮೂರು ಅಡಿ ಏರುವ ಸಾಧಾರಣ ದಿಣ್ಣೆಯಲ್ಲಿ ಮೇಲೆ ಹೇಳಿದ 300 ಪೌಂಡಿಗೆ ಮತ್ತೆ 600 ಪೌಂಡಿನ ಎಳೆತ ಕೂಡುತ್ತದೆ. 25 ಮೈಲಿಗೆ ಅದು ಸರಿಯಾಗಿ 60 ಅಶ್ವಶಕ್ತಿ. ಹಲ್ಲುಗಾಲಿಗಳ ತಿಕ್ಕಾಟಕ್ಕೆ ಏನೂ ಉಳಿಯದು. ಚಾಲಕನು ನಾಲ್ಕನೆಯ ಗೇರಿಗೆ ಇಳಿಯಲೇಬೇಕು, ದಿಣ್ಣೆ ಕಡಿದಾದರೆ ಮೂರಕ್ಕೆ. ಮೂರರಲ್ಲಿ ಗವರ್ನರಿನ ಮಿತಿಯೇ 21 ಮೈಲಿಗಿಂತ ಕೆಳಗೆ. ದಿಣ್ಣೆಯಲ್ಲಿ ಹೀಗೆ ಹಿಂದೆ ಬಿದ್ದ ಲಾರಿ ಸಾಲನ್ನು ಕೂಡಿಕೊಳ್ಳಬೇಕಾದರೆ ಇಳಿಜಾರಿನಲ್ಲಿ ಓಡಲೇಬೇಕು. ಗಂಟೆಗೆ ಹತ್ತು ನಿಮಿಷದ ವಿರಾಮ ಬೇರೆ ಇದ್ದಿತು. ಅದನ್ನು ಕಳೆದರೆ 25 ಮೈಲಿಯ ಸರಾಸರಿ 21ಕ್ಕೆ ಇಳಿಯುತ್ತದೆ. ಚಾಲಕರು ನಿಯಮವನ್ನು ಮೀರಿದರೆಂಬುದು ದಿಟವೇ. ಮೀರದೆ ಸಾಲನ್ನು ಕಾಯ್ದುಕೊಳ್ಳುವ ಉಪಾಯವನ್ನು ನಿಯಮ ಮಾಡಿದವರು ಹೇಳಿರಲಿಲ್ಲವೆಂಬುದೂ ಅಷ್ಟೇ ದಿಟ.

ನಮ್ಮ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಇರುಸಿನ ಮೇಲಿನ ಭಾರದ ಪ್ರಶ್ನೆ. ‘ಎರಡೂವರೆ ಟನ್ನಿನ ಲಾರಿ’ ಎಂಬಲ್ಲಿನ ಟನ್ನು 2,000 ಪೌಂಡಿನದು. ರಸ್ತೆಯಿಲ್ಲದ ನೆಲದಲ್ಲಿ 5,000 ಪೌಂಡು ಹೊರಬಹುದೆಂಬುದು ಆ ಹೆಸರಿನ ಅರ್ಥ. ಒಳ್ಳೆಯ ರಸ್ತೆಯಲ್ಲಿ ಇದರ ಇಮ್ಮಡಿ, ಎಂದರೆ ಐದು ಟನ್ನು ಹೇರಲು 1944ರಲ್ಲಿ ಮೇಲಿನಿಂದಲೇ ಅನುಮತಿ ದೊರೆಯಿತು. ಸರಕಿನ ತೊಟ್ಟಿ ಬಹುಮಟ್ಟಿಗೆ ಹಿಂದಿನ ಎರಡು ಇರುಸುಗಳ ಮೇಲೆಯೇ ಕುಳಿತಿರುವುದರಿಂದ ಹೊರೆಯೆಲ್ಲ ಅಲ್ಲಿನ ಎಂಟು ಟೈರುಗಳಿಗೆ ಬೀಳುತ್ತದೆಂದು ಹಿಡಿದರೆ, ಒಂದೊಂದು ಟೈರಿನ ಪಾಲು 625 ಪೌಂಡಿನಿಂದ 1,250ಕ್ಕೆ ಏರಿತು. ಜೋಡಿ ಟೈರುಗಳಲ್ಲಿ ಒಂದರ ಗಾಳಿ ಇಳಿದರೆ ಅದರ ಪಾಲೂ ಪಕ್ಕದ್ದಕ್ಕೆ ಬೀಳುತ್ತದೆ. ಹೆಚ್ಚಿನ ಭಾರದಲ್ಲಿ ಟೈರಿನ ಪಕ್ಕೆಗಳು ಹೆಚ್ಚು ಬಾಗಿ, ಬಾಗಿದಷ್ಟೂ ಕಾಯ್ದು, ಕಾಯ್ದಷ್ಟೂ ಬೇಗ ಸವೆಯುತ್ತವೆ. ವೇಗವೂ ಕಾವನ್ನು ಹೆಚ್ಚಿಸುತ್ತದೆ, ಸಂದೇಹವಿಲ್ಲ. ಆದರೆ ಭಾರವು ಪ್ರತಿಯೊಂದು ಮೈಲಿಯಲ್ಲಿಯೂ ಕೆಲಸ ಮಾಡಿದರೆ ಅತಿವೇಗವು ಕೆಲವು ಮೈಲಿಗಳಲ್ಲಿ ಮಾತ್ರ ಮಾಡುತ್ತದೆ. ಅಮೆರಿಕದ ಸೇನೆಯ ಅಧಿಕೃತ ಇತಿಹಾಸದ ಪೂರೈಕೆಯ ಸಂಪುಟವನ್ನು ಬರೆದ ರೂಪೆಂಥಾಲರು 1953ರಲ್ಲಿಯೇ ಅತಿಭಾರವನ್ನೂ ದುರಸ್ತಿಯ ಕೊರತೆಯನ್ನೂ ಅತಿವೇಗವನ್ನೂ ಒಟ್ಟಿಗೆ ಹೆಸರಿಸಿದ್ದರು. ಜನಪ್ರಿಯ ಗ್ರಂಥಗಳು ಈ ಮೂರರಲ್ಲಿ ಚಾಲಕನ ಕೈಯಲ್ಲಿದ್ದ ಒಂದನ್ನು ಮಾತ್ರ ಉಳಿಸಿಕೊಂಡವು. ಅಪ್ಪಣೆಯಿಂದ ಬಂದ ಭಾರ ಮರೆಯಾಯಿತು. ಹಗಲಿರುಳೂ ಓಡಿದ ಲಾರಿಗೆ ದುರಸ್ತಿಯ ಬಿಡುವು ಸಿಕ್ಕದೆ ಹೋದದ್ದೂ ಚಾಲಕನ ತಪ್ಪಾಗಿರಲಿಲ್ಲ.

ಇಂಥ ಲೆಕ್ಕಗಳನ್ನು ಬೇರೆ ಲಾರಿಗಳಿಗೆ ಅನ್ವಯಿಸಬಯಸುವ ವಿದ್ಯಾರ್ಥಿಗಳಿಗೆ ಒಂದು ಮಾತು. ಸಂಗ್ರಹಾಲಯಗಳಲ್ಲಿ ನಿಂತಿರುವ ಹಳೆಯ ವಾಹನಗಳ ಇರುಸು, ಟೈರುಗಳು ನಡುವೆ ಬದಲಾಗಿರುವುದುಂಟು. ಇದೇ ಲಾರಿಗೆ 9.00-20 ಅಳತೆಯ ಟೈರು ಹಾಕಿದರೆ ನೆಲದಿಂದ ಗಾಲಿಯ ನಡುವಿಗೆ ಎತ್ತರ ಸುಮಾರು 19 ಅಂಗುಲವಾಗಿ, ಲೆಕ್ಕದ ವೇಗ ಸುಮಾರು 51 ಮೈಲಿಗೆ ಜಿಗಿಯುತ್ತದೆ. ಅದನ್ನು 1944ರ ವೇಗವೆಂದು ಬರೆದರೆ ತಪ್ಪಾದೀತು. ಇರುಸಿನ ಫಲಕ ಕಳೆದುಹೋಗಿದ್ದರೆ, ಉಳಿದ ಗಾಲಿಗಳಿಗೆ ಭದ್ರವಾಗಿ ಅಡೆಗಲ್ಲು ಕೊಟ್ಟು, ಆ ಇರುಸಿನ ಒಂದು ಪಕ್ಕವನ್ನು ಜಾಕಿಯಿಂದ ಎತ್ತಿ, ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿ ಬಿಡಿಸಿದ ಮೇಲೆ, ಎತ್ತಿದ ಗಾಲಿಯನ್ನು ಕೈಯಿಂದ ತಿರುಗಿಸುತ್ತ ಇರುಸಿನ ಮೂತಿಯ ಚಾಚುಪಟ್ಟಿ ಎಷ್ಟು ಸುತ್ತು ಬಂದಿತೆಂದು ಎಣಿಸಬೇಕು. ಒಂದು ಗಾಲಿ ನೆಲದಲ್ಲಿ ನಿಂತಿರುವಾಗ ಡಿಫರೆನ್ಷಿಯಲ್ಲಿನ ದೆಸೆಯಿಂದ ಇನ್ನೊಂದು ಗಾಲಿ ಇಮ್ಮಡಿ ತಿರುಗುತ್ತದೆ. ಆದ್ದರಿಂದ ಗಾಲಿಯನ್ನು ಒಂದಲ್ಲ, ಎರಡು ಸುತ್ತು ತಿರುಗಿಸಿ ಎಣಿಸಿದರೆ ಮಾತ್ರ ನಿಜವಾದ ಪ್ರಮಾಣ ಸಿಕ್ಕುತ್ತದೆ. ಇದನ್ನು ಮರೆತವರು 6.6ರ ಇರುಸನ್ನು 3.3 ಎಂದು ಬರೆದುಕೊಂಡು, ಲಾರಿಗೆ ಗಂಟೆಗೆ 90 ಮೈಲಿಗೂ ಮೀರಿದ ವೇಗವನ್ನು ಕಟ್ಟಿಕೊಟ್ಟಾರು.